ಮುನಿಯಪ್ಪ ಹಿಂತಿರುಗಿಸದ ಲೈನ್ ಕ್ಲಿಯರ್

ದೆವ್ವ ಭೂತಗಳ ಮಾತು ಬಂದರೆ ಎದ್ದು ಹೋಗುವ ಜಾತಿಯವನು ನಾನು. ಹಾಗೆ ಎದ್ದು ಹೋಗಿ ಎಷ್ಟೋ ಮದುವೆ ಮನೆಗಳಲ್ಲಿ ಹಿರಿಯರ ಮುನಿಸು ಕಟ್ಟಿಕೊಂಡಿದ್ದೇನೆ. ನನ್ನ ಹೆಂಡತಿಯ ಸೋದರಮಾವನೊಬ್ಬರು ಒಮ್ಮೆ ಪಂಕ್ತಿಯಲ್ಲೇ ನನ್ನನ್ನು ಹಿಡಿದುಕೊಂಡು, “ಕಣ್ಣಿಗೆ ಕಾಣದ್ದನ್ನ ನಂಬಲ್ಲ ಅಂತೀರಲ್ಲ ಅಳಿಯಂದ್ರೇ, ನೀವು ಮಾರೋ ಕರೆಂಟು ಕಣ್ಣಿಗೆ ಕಾಣುತ್ತೇನು?” ಎಂದು ಕೇಳಿದ್ದರು. “ಮುಟ್ಟಿ ನೋಡಿ ಮಾವ, ನಂಬಿಕೆ ತಾನಾಗಿ ಬರುತ್ತೆ” ಎಂದಿದ್ದೆ. ಎಲೆ ಮುಂದೆ ಕೂತವರೆಲ್ಲ ನಕ್ಕರು, ನಾನೂ ಗೆದ್ದೆನೆಂದು ಬೀಗಿದೆ. ಇವತ್ತು ನಾನು ಬರೆಯಹೊರಟಿರುವುದನ್ನು ಆ ಮಾವ ಓದಿದ್ದರೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅವರು ತೀರಿಕೊಂಡು ಬಹಳ ವರ್ಷವಾಯಿತು.

ಇದು ಅರವತ್ತರ ದಶಕದ ನಡುವಿನ ಮಾತು. ಆಗ ನಾನು ಜಯನಗರದ ಅಂಚಿನಲ್ಲಿದ್ದ ಒಂದು ಸಣ್ಣ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ. ಜಯನಗರವೆಂದರೆ ಆಗ ಅರ್ಧ ಬಡಾವಣೆ, ಅರ್ಧ ಹೊಲ. ಅಳತೆ ಕಲ್ಲು ನೆಟ್ಟ ಸೈಟುಗಳಲ್ಲಿ ಕುರಿ ಮೇಯುತ್ತಿದ್ದವು. ಯಡಿಯೂರು ಇನ್ನೂ ಊರಾಗಿಯೇ ಇತ್ತು, ಅದರ ಕೆರೆಗೆ ಕೋಡಿ ಕಾಲುವೆಯೆಲ್ಲ ಇತ್ತು. ಬನಶಂಕರಿ ಗುಡಿಗೆ ಹೋಗುವವರು ಸಂಜೆಯೊಳಗೆ ಮನೆ ಸೇರುವಂತೆ ನೋಡಿಕೊಂಡು ಹೊರಡುತ್ತಿದ್ದರು. ನಮ್ಮ ಸ್ಟೇಷನ್ನು ಒಂದು ಕಲ್ಲುಕಟ್ಟಡದ ಕೋಣೆ, ಹಿಂದೆ ತಂತಿ ಬೇಲಿಯೊಳಗೆ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರುಗಳು. ಒಳಗೆ ಸಾಲಾಗಿ ಸ್ವಿಚ್ಚುಗಳು, ಒಂದು ಮೇಜು, ಒಂದು ಬೆಂಚು, ಗೋಡೆಗೆ ಟೆಲಿಫೋನು. ಅಷ್ಟೇ.

ನಮ್ಮ ಕಸುಬಿನ ಒಂದು ನಿಯಮವನ್ನು ಮೊದಲೇ ಹೇಳಿಬಿಡಬೇಕು. ಕಂಬ ಹತ್ತುವ ಮುಂಚೆ ಲೈನ್‌ಮನ್ ಸ್ಟೇಷನ್ನಿಗೆ ಬಂದು ‘ಲೈನ್ ಕ್ಲಿಯರ್’ ತೆಗೆದುಕೊಳ್ಳಬೇಕು. ಅಂದರೆ ನಾನು ಆ ಲೈನಿನ ಸ್ವಿಚ್ಚು ಇಳಿಸಿ ಕರೆಂಟು ತೆಗೆಯಬೇಕು, ಜನ ಕೆಲಸದಲ್ಲಿದ್ದಾರೆ ಎಂದು ಬರೆದ ಹಲಗೆಯನ್ನು ಸ್ವಿಚ್ಚಿನ ಹಿಡಿಗೆ ತೂಗುಹಾಕಬೇಕು, ಪುಸ್ತಕದಲ್ಲಿ ಬರೆದು ಅವನ ರುಜು ಪಡೆಯಬೇಕು. ಕೆಲಸ ಮುಗಿದ ಮೇಲೆ ಅದೇ ಮನುಷ್ಯ ಬಂದು, ಎಲ್ಲರೂ ಕಂಬದಿಂದ ಇಳಿದಿದ್ದಾರೆ ಎಂದು ತನ್ನ ಬಾಯಿಂದ ಹೇಳಿ, ಪಕ್ಕದ ಅಂಕಣದಲ್ಲಿ ಮತ್ತೆ ರುಜು ಹಾಕಿ, ಅದನ್ನು ಹಿಂತಿರುಗಿಸಬೇಕು. ಆಮೇಲಷ್ಟೇ ನಾನು ಕರೆಂಟು ಕೊಡಬಹುದು. ತೆಗೆದುಕೊಂಡವನೇ ಹಿಂತಿರುಗಿಸಬೇಕು. ಅವನ ಅಣ್ಣತಮ್ಮ ಬಂದರೂ ಆಗದು, ಇಂಜಿನಿಯರ್ ಸಾಹೇಬರೇ ಬಂದರೂ ಆಗದು. ಕಂಬದ ಮೇಲಿರುವವನ ಜೀವ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಯಡಿಯೂರು ಕಡೆಯ ಲೈನಿಗೆ ಇದ್ದವನು ಮುನಿಯಪ್ಪ. ಐವತ್ತರ ಹತ್ತಿರದ ವಯಸ್ಸು, ಆ ಊರಿನವನೇ. ಬಡಾವಣೆಗೆ ಹೊಲ ಹೋದ ಮೇಲೆ ನಮ್ಮ ಕೆಲಸಕ್ಕೆ ಸೇರಿದವನು. ಕಂಬಗಳಿಗೆ ನಾವು ಹಾಕಿದ ನಂಬರುಗಳು ಅವನಿಗೆ ತಲೆಗೆ ಹತ್ತುತ್ತಲೇ ಇರಲಿಲ್ಲ. ‘ಅವರೆ ಹೊಲದ ಕಂಬ’, ‘ಬಾವಿ ಕಂಬ’, ‘ನಮ್ಮಪ್ಪನ ಹುಣಸೆಮರದ ಕಂಬ’ ಎಂದೇ ಅವನ ಲೆಕ್ಕ. ಆ ಅವರೆ ಹೊಲವೂ ಇರಲಿಲ್ಲ, ಬಾವಿಯೂ ಇರಲಿಲ್ಲ. ನಾನು ಪುಸ್ತಕದಲ್ಲಿ ಬರೆಯುವಾಗ ಒಂದೊಂದನ್ನೂ ನಂಬರಿಗೆ ತಿರುಗಿಸಿಕೊಳ್ಳಬೇಕಾಗಿತ್ತು. ರುಜು ಹಾಕಬೇಕಾದರೆ ಅಕ್ಷರಕ್ಕೊಂದು ಉಸಿರು ಬಿಡುತ್ತಿದ್ದ. ನಾನು ರೇಗಿಸುತ್ತಿದ್ದೆ, “ಮುನಿಯಪ್ಪ, ನೀನು ಹೆಸರು ಬರೆಯೋದ್ರೊಳಗೆ ಊರವರು ಊಟ ಮಾಡಿ ಮಲಗ್ತಾರೆ ಕಣಯ್ಯ.” ಅವನು ತಲೆಯೆತ್ತದೆ, “ನಿಧಾನವಾಗಿ ಬರುದ್ರೆ ನಾನು ಬದುಕ್ತೀನಿ ಸಾರ್” ಎನ್ನುತ್ತಿದ್ದ.

ಆ ವರ್ಷ ಕಾರ್ತಿಕ ಮಾಸದಲ್ಲಿ ಮದರಾಸಿನ ಕಡೆಯಿಂದ ಚಂಡಮಾರುತ ಬಂತು. ಸಮುದ್ರದಿಂದ ಇಷ್ಟು ದೂರವಿರುವ ನಮಗೆ ಅದರ ಬಾಲ ತಾಗಿದರೆ ಒಂದೆರಡು ದಿನ ಜಡಿಮಳೆ, ಅಷ್ಟೇ ಎಂದುಕೊಂಡಿದ್ದೆವು. ಆ ಸಲ ಬಾಲವೇ ಬೀಸಿ ಹೊಡೆಯಿತು. ಒಂದು ಇಡೀ ರಾತ್ರಿ ಗಾಳಿ. ಬೆಳಗಾಗುವ ಹೊತ್ತಿಗೆ ರಸ್ತೆಗಳಲ್ಲಿ ಮರಗಳು ಅಡ್ಡಡ್ಡ ಬಿದ್ದಿದ್ದವು, ಹಂಚುಗಳು ಹಪ್ಪಳದಂತೆ ಪುಡಿಯಾಗಿದ್ದವು, ಯಾರದೋ ಮನೆಯ ತಗಡು ಇನ್ಯಾರದೋ ಕಾಂಪೌಂಡಿನಲ್ಲಿತ್ತು. ಕಾರ್ತಿಕವೆಂದು ಬಾಗಿಲಿಗೆ ದೀಪವಿಡಬೇಕಾದ ಹೆಂಗಸರು ಒಳಗೂ ದೀಪವಿಲ್ಲದೆ ಕೂತರು. ಗಾಳಿ ನಿಂತ ಮೇಲೆ ಮಳೆ ಹಿಡಿಯಿತು. ಎರಡನೆಯ ದಿನ ಯಡಿಯೂರು ಕೆರೆ ತುಂಬಿ ಕೋಡಿ ಬಿತ್ತು. ಕೋಡಿ ನೀರು ಹಳೆಯ ಕಾಲುವೆಯನ್ನು ಹುಡುಕಿಕೊಂಡು ಹೊರಟಿತು. ಆ ಕಾಲುವೆಯ ಮೇಲೆ ಈಗ ಮನೆಗಳಿದ್ದವು. ಬೇಸಿಗೆಯಲ್ಲಿ ಬಂದು ಸಮತಟ್ಟು ನೆಲ ನೋಡಿ ಸೈಟು ಕೊಂಡವರು ಪಾಪ, ನೀರಿನ ದಾರಿ ನೀರಿಗೆ ನೆನಪಿರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೂರು ದಿನ ನಾನೊಬ್ಬನೇ ಸ್ಟೇಷನ್ನಿನಲ್ಲಿದ್ದೆ. ಪಾಳಿ ಬದಲಿಸಬೇಕಾದವನು ಬರಲಾಗಲಿಲ್ಲ, ಟೆಲಿಫೋನು ಮೊದಲ ರಾತ್ರಿಯೇ ಸತ್ತಿತ್ತು. ಬೆಂಚಿನ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಣ್ಣು ಮುಚ್ಚುತ್ತಿದ್ದೆ. ಮುನಿಯಪ್ಪ ತನ್ನ ಜೊತೆಗಾರ ಕೆಂಪಣ್ಣನನ್ನು ಕಟ್ಟಿಕೊಂಡು ಬೆಳಗಿನಿಂದ ಕತ್ತಲೆಯವರೆಗೆ ಕಂಬ ಹತ್ತಿ ಇಳಿಯುತ್ತಿದ್ದ. ಇಬ್ಬರಿಗೂ ಮೈಮೇಲೆ ಒಣಗಿದ ಒಂದೆಳೆ ಬಟ್ಟೆಯಿರಲಿಲ್ಲ. ಬರುವಾಗ ಮುನಿಯಪ್ಪ ನನಗೂ ಸೇರಿಸಿ ಮನೆಯಿಂದ ಮುದ್ದೆ ಸಾರು ತರುತ್ತಿದ್ದ. ಅವನ ಮನೆಯ ಹಿತ್ತಿಲ ಗೋಡೆ ಆಗಲೇ ಕುಸಿದಿತ್ತಂತೆ. ಅದನ್ನೂ ಅವನು ಹೇಳಿದ್ದಲ್ಲ, ಕೆಂಪಣ್ಣ ಹೇಳಿದ್ದು.

ಊರವರ ಕೋಪವೆಲ್ಲ ನನ್ನ ಮೇಲೆ. ಸೀಮೆಎಣ್ಣೆ ಸಿಗದೆ, ಮೇಣದಬತ್ತಿ ಸಿಗದೆ, ಬಾವಿಗೆ ಕೊಳಕು ನೀರು ನುಗ್ಗಿ ಕುಡಿಯಲು ನೀರಿಲ್ಲದೆ ಜನ ಕಂಗೆಟ್ಟಿದ್ದರು. ಹೊತ್ತಿಗೊಬ್ಬರು ಛತ್ರಿ ಹಿಡಿದು ಬಂದು ಬೈದು ಹೋಗುತ್ತಿದ್ದರು. ಕರೆಂಟನ್ನು ನಾನೇ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದೇನೆ ಎಂಬಂತೆ ಒಬ್ಬರು ಮೇಜಿನ ಕೆಳಗೂ ಬಗ್ಗಿ ನೋಡಿದರು. ಬೈದವರಲ್ಲಿ ನನಗೆ ನಿಜವಾಗಿ ಮರುಕ ಬಂದದ್ದು ಶಿವಲಿಂಗಪ್ಪನವರ ಮೇಲೆ. ಅವರು ಗದಗಿನ ಕಡೆಯವರು, ಬಟ್ಟೆ ವ್ಯಾಪಾರಿ. ಆ ವರ್ಷ ವೈಶಾಖದಲ್ಲಷ್ಟೇ ಗೃಹಪ್ರವೇಶ ಮಾಡಿದ್ದರು, ಸರಿಯಾಗಿ ಆ ಕಾಲುವೆಯ ದಾರಿಯಲ್ಲೇ. ಮನೆಯೊಳಗೆ ಮೊಣಕಾಲು ನೀರು. ಹಾಸಿಗೆ ಹಿಡಿದ ತಾಯಿಯನ್ನು ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ ಮಲಗಿಸಿದ್ದರು. ನೀರಿನ ಜೊತೆ ಹಾವುಗಳು ಬಂದಿದ್ದವು. ಒಂದನ್ನು ಹೊಡೆದಿದ್ದರು, ಇನ್ನೊಂದು ಎಲ್ಲಿ ಸೇರಿಕೊಂಡಿದೆಯೋ ಗೊತ್ತಿರಲಿಲ್ಲ. ಕತ್ತಲಾದರೆ ಆ ಮುದುಕಿ ಕಿರುಚಲು ಶುರುಮಾಡುತ್ತಾರಂತೆ. “ಒಂದ್ ಬಲ್ಬ್ ಹತ್ತಿದ್ರ ಸಾಕ್ರಿ ಸಾಹೇಬ್ರ, ನಮ್ಮವ್ವ ಬದುಕ್ತಾಳ” ಎಂದು ಎರಡನೆಯ ದಿನ ನನ್ನ ಮುಂದೆ ಕೈಮುಗಿದಿದ್ದರು.

ಮೂರನೆಯ ದಿನ ಬೆಳಗ್ಗೆ ಮುನಿಯಪ್ಪ ಯಡಿಯೂರು ಲೈನಿಗೆ ಲೈನ್ ಕ್ಲಿಯರ್ ತೆಗೆದುಕೊಂಡ. ಕೋಡಿಯ ಆಚೆಗೊಂದು, ಈಚೆಗೊಂದು ಕಂಬ. ನಡುವಿನ ತಂತಿಗಳಲ್ಲಿ ಒಂದು ಹರಿದು ನೀರಿನಲ್ಲಿ ಬಿದ್ದಿತ್ತು. ಅದೊಂದು ಸರಿಯಾದರೆ ಆ ಕಡೆಗೆಲ್ಲ ಕರೆಂಟು ಕೊಡಬಹುದಿತ್ತು. ಎಂದಿನಂತೆ ಅಕ್ಷರಕ್ಕೊಂದು ಉಸಿರು ಬಿಟ್ಟು ರುಜು ಹಾಕಿದ. ನಾನು ಹಲಗೆ ತೂಗುಹಾಕಿದ್ದನ್ನು ಕಣ್ಣಾರೆ ನೋಡಿಕೊಂಡು ಹೊರಟ. ಹೊರಡುವಾಗ, “ನೀರು ಜಾಸ್ತಿ ಆಗ್ತಾ ಐತೆ. ದಾರಿ ಕಟ್ಟಿಹೋದ್ರೆ ಯಾರತ್ರನಾದ್ರೂ ಹೇಳಿ ಕಳಿಸ್ತೀನಿ ಸಾರ್” ಎಂದ. ಹೇಳಿ ಕಳಿಸುವುದು ನಿಯಮದಲ್ಲಿಲ್ಲ. ಆದರೆ ಆ ಮೂರು ದಿನ ನಿಯಮದ ಪ್ರಕಾರ ನಡೆದದ್ದು ಯಾವುದಿತ್ತು? ನಾನು ಹೂಂ ಎಂದೆ. ಆ ಹೂಂ ನನ್ನ ತಪ್ಪು.

ಮಧ್ಯಾಹ್ನ ಕಳೆದು ನಾಲ್ಕು ಗಂಟೆಯಾಗಿರಬೇಕು. ಮೋಡ ಕವಿದು ಆಗಲೇ ಮುಸ್ಸಂಜೆಯಂತಿತ್ತು. ಶಿವಲಿಂಗಪ್ಪನವರು ಬಂದರು. ಸೊಂಟದವರೆಗೆ ಕೆಸರು, ಪಂಚೆ ಮೇಲೆ ಕಟ್ಟಿದ್ದರು, ಏದುಸಿರು. ಮೂರು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ಗೆಲುವಿತ್ತು.

“ಸಾಹೇಬ್ರ, ನಿಮ್ಮ ಮುನಿಯಪ್ಪ ಹೇಳಿ ಕಳಿಸ್ಯಾನ್ರಿ. ಲೈನ್ ಕ್ಲಿಯರ್ ಅಂತ್ರಿ. ಕೊಡ್ಬೇಕಂತ್ರಿ.”

ಆ ಕ್ಷಣ ನನ್ನ ತಲೆಯಲ್ಲಿ ಏನು ನಡೆಯಿತೆಂದು ಅದೆಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಕಸುಬಿನವನ ಕಿವಿಗೆ ‘ಲೈನ್ ಕ್ಲಿಯರ್ ಕೊಡಬೇಕು’ ಎಂದರೆ ಕರೆಂಟು ತೆಗೆಯಬೇಕು ಎಂದು ಅರ್ಥ. ಹೊರಗಿನವನ ಕಿವಿಗೆ ಲೈನು ಕ್ಲಿಯರ್ ಆಗಿದೆ, ಕರೆಂಟು ಕೊಡಿ ಎಂದು ಅರ್ಥ. ಶಿವಲಿಂಗಪ್ಪನವರು ಅದನ್ನು ಎರಡು ಮಾತಾಗಿ ಒಡೆದು, ಉಸಿರು ತೆಗೆದುಕೊಂಡು, ನಗುಮುಖದಿಂದ ಹೇಳಿದರು. ಅವರು ಹೊರಗಿನವರು ಎಂಬುದನ್ನು ನಾನು ಮರೆಯಬಾರದಿತ್ತು. ಏನು ಹೇಳಿದ, ಯಾವ ಮಾತಿನಲ್ಲಿ ಹೇಳಿದ ಎಂದು ಬಿಡಿಸಿ ಕೇಳಬೇಕಿತ್ತು. ಕೇಳಲಿಲ್ಲ. ಮೂರು ದಿನದ ಬೈಗುಳ, ನಿದ್ದೆಗೆಟ್ಟ ಕಣ್ಣು, ಇಟ್ಟಿಗೆಯ ಮೇಲಿನ ಮಂಚದಲ್ಲಿ ಕಿರುಚುವ ಆ ತಾಯಿ, ಎಲ್ಲ ಸೇರಿ ನನಗೂ ಅದೇ ಅರ್ಥ ಬೇಕಾಗಿತ್ತು. ಸದ್ಯ, ಮುಗಿಯಿತಲ್ಲ ಎಂದುಕೊಂಡು ಎದ್ದೆ.

ಸ್ವಿಚ್ಚಿನ ಹಿಡಿಯಿಂದ ಹಲಗೆಯನ್ನು ತೆಗೆದು ಮೇಜಿನ ಮೇಲಿಟ್ಟೆ. ಹಿಡಿಗೆ ಕೈ ಹಾಕಿದೆ. ಶಿವಲಿಂಗಪ್ಪನವರು ನನ್ನ ಹಿಂದೆ, ಬಾಗಿಲ ಹತ್ತಿರ ನಿಂತಿದ್ದರು.

“ನಾನಿನ್ನೂ ಹೇಳಿಲ್ವಲ್ಲ ಸಾರ್.”

ಎಡಗಡೆ ನೋಡಿದೆ. ಬೆಂಚಿನ ಪಕ್ಕದಲ್ಲಿ ಮುನಿಯಪ್ಪ ನಿಂತಿದ್ದ. ಖಾಕಿ ಅಂಗಿ, ಖಾಕಿ ಚಡ್ಡಿ, ಸೊಂಟದ ಬೆಲ್ಟಿನಲ್ಲಿ ಇಕ್ಕಳ. ಮುಖದಲ್ಲಿ ಸಿಟ್ಟಿರಲಿಲ್ಲ. ಪುಸ್ತಕದಲ್ಲಿ ಒಂದಕ್ಷರ ತಪ್ಪಿದಾಗ ಹೇಗೆ ನೋಡುತ್ತಿದ್ದನೋ ಹಾಗೆ ನೋಡುತ್ತಿದ್ದ. ದನಿಯೂ ಎಂದಿನದೇ, ಜೋರಾಗಿಯೂ ಇಲ್ಲ, ಮೆಲ್ಲಗೂ ಇಲ್ಲ.

ನನಗೆ ಭಯವಾಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಕೂದಲು ನಿಮಿರುವುದು, ಮೈ ತಣ್ಣಗಾಗುವುದು, ಏನೂ ಇಲ್ಲ. ನನಗಾದದ್ದು ಬರೀ ನಾಚಿಕೆ. ಎಂಥ ಕೆಲಸ ಮಾಡಹೊರಟಿದ್ದೆ, ಅದೂ ಅವನ ಕಣ್ಣೆದುರಿಗೆ! ಸರ್ರನೆ ಕೈ ತೆಗೆದೆ. “ಅಯ್ಯೋ, ತಪ್ಪಾಯ್ತು ಕಣಯ್ಯ” ಎನ್ನುತ್ತ ಹಲಗೆಗಾಗಿ ಮೇಜಿನ ಕಡೆ ತಿರುಗಿದೆ. ಅದನ್ನು ಮತ್ತೆ ಹಿಡಿಗೆ ಸಿಕ್ಕಿಸಿ ಈ ಕಡೆ ನೋಡುವಾಗ ಅವನಿರಲಿಲ್ಲ. ಮುನಿಸಿಕೊಂಡು ಕೆಲಸಕ್ಕೆ ಹಿಂತಿರುಗಿದ ಎಂದುಕೊಂಡೆ. ಅವನ ಸ್ವಭಾವಕ್ಕೆ ಅದು ಹೊಂದುತ್ತಿತ್ತು.

ಶಿವಲಿಂಗಪ್ಪನವರಿಗೆ, ಇನ್ನೂ ಕೆಲಸ ಮುಗಿದಿಲ್ಲ, ಈಗ ಕರೆಂಟು ಕೊಡಲಾಗದು ಎಂದೆ. ಅವರ ಮುಖ ಕಪ್ಪಿಟ್ಟಿತು. “ಈಗ ಕೊಡ್ತೀನಂತ ಎದ್ದ್ರಿ, ಈಗ ಒಲ್ಲೆ ಅಂತೀರಿ. ನಮ್ಮವ್ವ ಸತ್ತ ಮ್ಯಾಲೆ ಕೊಡ್ರಿ” ಎಂದು ಹೇಳಿ, ಮತ್ತೆ ಆ ಕೆಸರಿಗೇ ಇಳಿದು ಹೋದರು.

ಐದೂವರೆ ಹೊತ್ತಿಗೆ ಕೆಂಪಣ್ಣ ಬಂದ. ಬಾಗಿಲಲ್ಲೇ ನಿಂತು, ಕೋಣೆಯೊಳಗೆಲ್ಲ ಕಣ್ಣು ಹಾಯಿಸಿ, “ಮುನಿಯಪ್ಪಣ್ಣ ಇಲ್ಲಿಗೇನಾರ ಬಂದ್ನಾ ಸಾರ್?” ಎಂದು ಕೇಳಿದ.

“ನಾಲ್ಕು ಗಂಟೆಗೆ ಬಂದಿದ್ದ. ನನಗೆ ಮಂಗಳಾರತಿ ಮಾಡಿ ಹೋದ” ಎಂದೆ.

ಕೆಂಪಣ್ಣ ಉಸ್ಸೆಂದು ಬೆಂಚಿನ ಮೇಲೆ ಕೂತ. “ಸದ್ಯ! ಕಂಬದಿಂದ ಇಳ್ದು ನೋಡ್ತೀನಿ, ಆಸಾಮಿ ಇಲ್ಲ. ಕೂಗ್ದೆ ಕೂಗ್ದೆ, ಪತ್ತೆ ಇಲ್ಲ. ಹೆದ್ರಿಕೊಂಡಿದ್ದೆ. ಹಂಗಾದ್ರೆ ಮನೆಗೋಗಿರ್ತಾನೆ ಬಿಡಿ. ಗೋಡೆ ಬಿದ್ದೈತಲ್ಲ.” ನಾನು ಸ್ಟವ್ ಹಚ್ಚಿ ಚಹಾ ಮಾಡಿದೆ. ಇಬ್ಬರೂ ಕುಡಿದೆವು. ತಂತಿ ಇನ್ನೂ ಅರ್ಧ ಎಳೆದದ್ದು ಉಳಿದಿದೆ, ನಾಳೆ ಬೆಳಗ್ಗೆ ಮುಗಿಸಿಬಿಡುತ್ತೇವೆ ಎಂದು ಕೆಂಪಣ್ಣ ಹೇಳಿ, ಜಯನಗರದಲ್ಲಿದ್ದ ತನ್ನ ಅಕ್ಕನ ಮನೆಗೆ ಮಲಗಲು ಹೋದ.

ಮರುದಿನ ಬೆಳಗ್ಗೆ ಮುನಿಯಪ್ಪನ ಹೆಣ ಸಿಕ್ಕಿತು. ಕೋಡಿಯಿಂದ ಎರಡು ಫರ್ಲಾಂಗು ಕೆಳಗೆ, ಕಾಲುವೆಯ ಬದಿಯ ಕತ್ತಾಳೆ ಪೊದೆಗೆ ಸಿಕ್ಕಿಕೊಂಡಿತ್ತು.

ಕೆಂಪಣ್ಣ ಅಳುತ್ತ ಹೇಳಿದ್ದರಲ್ಲಿ ನಾನು ಕೂಡಿಸಿಕೊಂಡದ್ದು ಇಷ್ಟು. ಹಿಂದಿನ ದಿನ ಮಧ್ಯಾಹ್ನ ಕೆಂಪಣ್ಣ ಕೋಡಿಯ ಆಚೆಯ ಕಂಬದ ಮೇಲಿದ್ದ, ಮುನಿಯಪ್ಪ ಕೆಳಗಿದ್ದ. ಅಷ್ಟರಲ್ಲಿ ಶಿವಲಿಂಗಪ್ಪನವರು ನೀರು ಹಾಯ್ದುಕೊಂಡು ಈಚೆಗೆ ಬರುವವರಿದ್ದರು. ಮುನಿಯಪ್ಪ ಅವರಿಗೆ, “ಇನ್ನೂ ಒಂದ್ ಗಂಟೆ ಲೈನ್ ಕ್ಲಿಯರ್ ಕೊಡ್ಬೇಕು ಅಂತ ನಮ್ಮ ಸಾರ್‌ಗೆ ಹೇಳ್ಬಿಡಿ” ಎಂದ. ಇನ್ನೂ ಒಂದು ಗಂಟೆ ಕರೆಂಟು ಕೊಡಬೇಡಿ ಎಂಬುದು ಅದರ ಅರ್ಥ. ಇನ್ನೊಂದು ಗಂಟೆಗೆ ಲೈನು ಕ್ಲಿಯರ್ ಆಗುತ್ತದೆ, ಕೊಡಬೇಕು ಎಂದು ಅವರು ತಿಳಿದುಕೊಂಡರು. ಸುತ್ತಿ ಬಳಸಿ ನನ್ನ ಹತ್ತಿರ ಬರುವಷ್ಟರಲ್ಲಿ ಆ ಗಂಟೆ ಕಳೆದಿತ್ತು. ಅದಕ್ಕೇ ‘ಇನ್ನೂ ಒಂದು ಗಂಟೆ’ ಎಂಬ ಮಾತನ್ನೇ ಬಿಟ್ಟು ಹೇಳಿದರು. ಅವರನ್ನು ದೂರಲಾರೆ. ಕತ್ತಲಲ್ಲಿ ತಾಯಿಯನ್ನು ಬಿಟ್ಟು ಬಂದ ಮಗನ ಕಿವಿಗೆ ಬೇರೆ ಏನು ಕೇಳಿಸೀತು?

ಶಿವಲಿಂಗಪ್ಪನವರು ಕಣ್ಮರೆಯಾದ ಸ್ವಲ್ಪ ಹೊತ್ತಿಗೆ, ಈಚೆ ದಡದಲ್ಲಿದ್ದ ತಂತಿಯ ತುದಿ ತರುತ್ತೇನೆಂದು ಮುನಿಯಪ್ಪ ನೀರಿಗಿಳಿದ. ಕೆಂಪಣ್ಣ ಕಂಬದ ಮೇಲೆ ಆ ಕಡೆಗೆ ಬೆನ್ನು ಮಾಡಿದ್ದ. ಒಮ್ಮೆ ಯಾರೋ ಕೂಗಿದಂತಾಯಿತು, ದನ ಅಟ್ಟುವವರಿರಬೇಕು ಎಂದುಕೊಂಡ. ಆಮೇಲೂ ಒಂದು ಗಂಟೆಗೆ ಮೇಲ್ಪಟ್ಟು ಅವನು ಕಂಬದ ಮೇಲೇ ಇದ್ದ, ಬರಿಗೈಯಲ್ಲಿ ಹರಿಯದ ತಂತಿಯೊಂದನ್ನು ಹಿಡಿದುಕೊಂಡು, ಮುನಿಯಪ್ಪನ ಸನ್ನೆಗೆ ಕಾಯುತ್ತ.

ಅಂದರೆ ನಾನು ಸ್ವಿಚ್ಚಿನ ಹಿಡಿಗೆ ಕೈ ಹಾಕಿದಾಗ ಕೆಂಪಣ್ಣನ ಎರಡು ಕೈಯೂ ತಂತಿಯ ಮೇಲಿದ್ದವು.

ಮುನಿಯಪ್ಪ ತೆಗೆದುಕೊಂಡ ಲೈನ್ ಕ್ಲಿಯರ್ ಅನ್ನು ಹಿಂತಿರುಗಿಸುವವರು ಯಾರು ಎಂಬುದು ಆ ದಿನದ ದೊಡ್ಡ ಪ್ರಶ್ನೆಯಾಯಿತು. ಪುಸ್ತಕದಲ್ಲಿ ಅವನ ರುಜು ಒಂದು ಕಡೆ ಇತ್ತು, ಪಕ್ಕದ ಅಂಕಣ ಖಾಲಿ. ಹೊಸ ಇಂಜಿನಿಯರ್ ಒಬ್ಬರು ಬಂದು, ಉಳಿದ ತಂತಿಯನ್ನು ಬೇರೆಯವರಿಂದ ಎಳೆಸಿ, ಲೈನಿನುದ್ದಕ್ಕೂ ತಾವೇ ನಡೆದು ನೋಡಿ, ಕೆಂಪು ಶಾಯಿಯಲ್ಲಿ ಷರಾ ಬರೆದು ರುಜು ಹಾಕಿದರು. ಸಂಜೆ ಕರೆಂಟು ಕೊಟ್ಟೆ. ಶಿವಲಿಂಗಪ್ಪನವರ ಮನೆಯಲ್ಲಿ ದೀಪ ಹತ್ತಿತು, ಅವರ ತಾಯಿ ಇನ್ನೂ ಎರಡು ವರ್ಷ ಬದುಕಿದರು. ಯಡಿಯೂರಿನಲ್ಲೂ ದೀಪ ಹತ್ತಿತು. ಮುನಿಯಪ್ಪನ ಮನೆಗೆ ಕರೆಂಟೇ ಇರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ.

ಸಮಾಧಾನಕ್ಕಾಗಿ ನಾನು ಮಾಡದ ತರ್ಕವಿಲ್ಲ. ಮೂರು ದಿನ ನಿದ್ದೆಗೆಟ್ಟವನಿಗೆ ಏನು ಬೇಕಾದರೂ ಕಾಣಬಹುದು. ನನ್ನೊಳಗಿನ ಭಯವೇ ಮುನಿಯಪ್ಪನ ದನಿಯಲ್ಲಿ ಮಾತಾಡಿರಬಹುದು, ನಿಯಮ ಮುರಿಯುತ್ತಿದ್ದೇನೆಂದು ನನಗೆ ಒಳಗೊಳಗೇ ಗೊತ್ತಿತ್ತಲ್ಲ. ಎರಡು ವಾರದ ಮೇಲೆ ಶಿವಲಿಂಗಪ್ಪನವರನ್ನು ಹುಡುಕಿಕೊಂಡು ಹೋಗಿ, ಆ ಹೊತ್ತು ಕೋಣೆಯಲ್ಲಿ ಇನ್ಯಾರನ್ನಾದರೂ ಕಂಡಿರಾ ಎಂದು ಕೇಳಿದೆ. “ಯಾರೂ ಇರಲಿಲ್ರಿ. ನಾ ಬಾಗಲದಾಗ ನಿಂತಿದ್ನಲ್ರಿ, ಬಂದಿದ್ರ ನನ್ನ ದಾಟೇ ಬರ್ಬೇಕಲ್ರಿ. ನೀವೇ ಕೈ ತಗದ್ರಿ, ಏನೋ ಒಂದ್ ಮಾತಂದ್ರಿ” ಎಂದರು. ಸರಿ, ಭ್ರಮೆಯೇ ಎಂದು ನಿಶ್ಚಯಿಸಿಕೊಂಡು ಅಲ್ಲಿಂದ ಎದ್ದೆ. ಅವರ ಗೇಟು ದಾಟುವಾಗ ಒಂದು ವಿಷಯ ನೆನಪಿಗೆ ಬಂದು ಅಲ್ಲೇ ನಿಂತುಬಿಟ್ಟೆ. ಅವತ್ತು ಮುನಿಯಪ್ಪನ ಅಂಗಿ ಒಣಗಿತ್ತು. ಆ ಮೂರು ದಿನದಲ್ಲಿ ನಾನು ಒಣಗಿದ ಅಂಗಿ ತೊಟ್ಟ ಮುನಿಯಪ್ಪನನ್ನು ಒಮ್ಮೆಯೂ ನೋಡಿರಲಿಲ್ಲ. ನನ್ನ ಮನಸ್ಸೇ ಅವನನ್ನು ಕಟ್ಟಿ ನಿಲ್ಲಿಸಿದ್ದಾದರೆ ತೊಪ್ಪೆಯಾಗಿ ನೆನೆದವನನ್ನೇ ತಾನೇ ನಿಲ್ಲಿಸಬೇಕಾಗಿದ್ದದ್ದು?

ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಿಂದದ್ದು ಬೇರೆ. ಅವನು ಬಂದಿದ್ದ ಎಂದು ಕೆಂಪಣ್ಣನಿಗೆ ಹೇಳಿದವನು ನಾನು. ಹಾಗೆ ಹೇಳದಿದ್ದರೆ ಅವನು ಆ ಸಂಜೆಯೇ ಜನ ಸೇರಿಸಿ ಹುಡುಕುತ್ತಿದ್ದ. ಹುಡುಕಿದ್ದರೂ ಹೆಣವೇ ಸಿಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಇರಬಹುದು. ಆದರೆ ಆ ಹೆಣ ಒಂದು ಇಡೀ ರಾತ್ರಿ ಕತ್ತಾಳೆಯ ನಡುವೆ ನೀರಿನಲ್ಲಿ ಅಲ್ಲಾಡುತ್ತ ಬಿದ್ದಿತ್ತು, ನಾವಿಬ್ಬರೂ ಸ್ಟೇಷನ್ನಿನಲ್ಲಿ ಕೂತು ಚಹಾ ಕುಡಿದೆವು.

ಹನ್ನೊಂದನೆಯ ದಿನ ಅವನ ಮನೆಗೆ ಹೋಗಿದ್ದೆ. ಅಷ್ಟು ದಿನ ಮುಖ ತೋರಿಸಲು ಧೈರ್ಯ ಬಂದಿರಲಿಲ್ಲ. ಬಿದ್ದ ಗೋಡೆಗೆ ಗೋಣಿತಾಟು ಕಟ್ಟಿದ್ದರು. ಹೆಂಡತಿ ಗಂಗಮ್ಮ ಕಂಬಕ್ಕೆ ಒರಗಿ ಕೂತಿದ್ದಳು, ಕೆಂಪಣ್ಣನೂ ಅಲ್ಲಿದ್ದ. ಅವಳಿಗೆ ಏನೂ ಮುಚ್ಚಿಡಬಾರದೆಂದು ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ. ಶಿವಲಿಂಗಪ್ಪನವರು ತಂದ ಮಾತು, ನಾನು ಹಿಡಿಗೆ ಕೈ ಹಾಕಿದ್ದು, ಅವನು ಬಂದು ನಿಂತದ್ದು, ಹೇಳಿದ ಮಾತು, ಎಲ್ಲವನ್ನೂ ಹೇಳಿದೆ. ನಿನ್ನ ಗಂಡ ಸತ್ತ ಮೇಲೂ ಒಂದು ಜೀವ ಉಳಿಸಿದ ಎಂದು ಹೇಳಿದರೆ ಅವಳಿಗೆ ಎಷ್ಟೋ ಸಮಾಧಾನವಾದೀತು ಎಂದು ನನ್ನ ಎಣಿಕೆ. ನಡುವೆಯೇ ಕೆಂಪಣ್ಣ ತನ್ನೆರಡು ಅಂಗೈಗಳನ್ನು ಒಮ್ಮೆ ನೋಡಿಕೊಂಡ. ಆಮೇಲೆ ನನ್ನ ಕಡೆ ನೋಡದೆ ಎದ್ದು ಹೊರಗೆ ಹೋದ.

ಗಂಗಮ್ಮ ಅಳಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದೂ ಅನ್ನಲಿಲ್ಲ, ಅದೆಲ್ಲ ನಿಮ್ಮ ಭ್ರಮೆ ಎಂದೂ ಅನ್ನಲಿಲ್ಲ. ಕೇಳಿದ್ದು ಇಷ್ಟೇ:

“ಕೆರೆಯಿಂದ ನಿಮ್ಮ ಆಪೀಸಿಗೆ ದಾರಿ ನಮ್ಮನೆ ಮುಂದೇನೇ ಅಲ್ವಾ ಸಾರ್? ಅಷ್ಟು ದೂರ ಬಂದೋರು ಇಲ್ಲೊಂದ್ ಗಳಿಗೆ ನಿಂತು ಹೋಗ್ಬಾರ್ದಿತ್ತಾ? ನಾನು ಬಾಗ್ಲಲ್ಲೇ ಕೂತಿದ್ನಲ್ಲ, ಒಳಗಿನ ನೀರು ಎತ್ತಿ ಹಾಕ್ಕೊಂಡು.”

ಅವಳು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.